ಖಾಲಿ ಹೊಟ್ಟೆಯ ರಕ್ತ

ಹೋದ ವರ್ಷ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಆಗಿದೆ ಎಂದು ಕಂಡುಹಿಡಿದದ್ದು ನಾನಲ್ಲ, ನನ್ನ ಗಂಡನಲ್ಲ, ಗೃಹಪ್ರವೇಶಕ್ಕೆ ಬಂದಿದ್ದ ಇನ್ನೂರು ಜನ ನೆಂಟರಲ್ಲಿ ಒಬ್ಬರೂ ಅಲ್ಲ. ಒಂದು ಚಮಚದಷ್ಟು ರಕ್ತ. ಆ ಒಂದು ಚಮಚವನ್ನು ನನ್ನ ಮೈಯಿಂದ ತೆಗೆಯಬಹುದೋ ಬಾರದೋ ಎಂಬ ಬಗ್ಗೆ ಗುಬ್ಬಿಯಿಂದ ತುಮಕೂರಿನ ಹೊರವಲಯದವರೆಗೆ ಚರ್ಚೆ ನಡೆಯಿತು. ಎದೆಯ ಕತೆ ಮುಗಿಯುವ ಹೊತ್ತಿಗೆ ಚರ್ಚೆಯೂ ಮುಗಿಯುವ ಸಂಭವವಿತ್ತು. ಚರ್ಚೆಗೆ ಕಾರಣ ಇಷ್ಟೇ: ನಾನು ಊಟ ಮಾಡಿಬಿಟ್ಟಿದ್ದೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಲೈಬ್ರರಿಯನ್ ಆಗಿದ್ದವಳು. ‘ಮಾತನಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಕೂತು ನುಂಗಿಕೊಂಡ ಮಾತುಗಳೆಲ್ಲ ರಿಟೈರಾದ ಮೇಲೆ ಒಂದೊಂದಾಗಿ ಹೊರಗೆ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ನನ್ನ ಯಜಮಾನರ ಪಾಲಿಗೆ ಹೋಗುತ್ತವೆ. ಅವರು ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಊರಿಗೆಲ್ಲ ಮೇಷ್ಟ್ರು, ಆದ್ದರಿಂದ ನನಗೂ ಮೇಷ್ಟ್ರೇ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆಯವರು. ನಾನು ಗುಬ್ಬಿಯವಳು. ಗುಬ್ಬಿಯವರಿಗೆ ನಾಟಕ ರಕ್ತದಲ್ಲೇ ಬಂದಿರುತ್ತದೆ ಎಂಬುದು ಮೇಷ್ಟ್ರ ಪ್ರಕಾರ ವೈಜ್ಞಾನಿಕವಾಗಿ ಸಾಬೀತಾದ ವಿಷಯ. ಮದುವೆಯಾದಾಗಿನಿಂದ ನನಗೆ ತಲೆನೋವು ಬಂದಾಗಲೆಲ್ಲ ಇದನ್ನು ಒಂದು ಸಲ ನೆನಪಿಸುತ್ತಾರೆ.

ನನ್ನ ಎದೆಯ ವಿಷಯ ಅರ್ಥವಾಗಬೇಕಾದರೆ ಮೊದಲು ಮೇಷ್ಟ್ರ ಸಕ್ಕರೆಯ ವಿಷಯ ತಿಳಿದಿರಬೇಕು. ಅವರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಬೇರೆಯವರು ರಕ್ತ ಕೊಟ್ಟು ಬರುತ್ತಾರೆ. ನಮ್ಮ ಮೇಷ್ಟ್ರು ಪರೀಕ್ಷೆಗೆ ಕೂರುತ್ತಾರೆ. ಪರೀಕ್ಷೆಗೆ ಒಂದು ವಾರ ಇದೆ ಎನ್ನುವಾಗ ಮನೆಯಲ್ಲಿ ತಯಾರಿ ಶುರು. ರಾಗಿ ಮುದ್ದೆ ಅರ್ಧವಾಗುತ್ತದೆ. ಬೆಳಿಗ್ಗೆ ಹಾಗಲಕಾಯಿ ರಸ, ಸಂಜೆ ನೆನೆಸಿದ ಮೆಂತ್ಯ. ಅಮಾನಿಕೆರೆ ಏರಿಯ ಮೇಲೆ ಎರಡು ಹೊತ್ತು ನಡಿಗೆ. ಆ ವಾರ ಮನೆಗೆ ಬಂದವರು ಸ್ವೀಟ್ ಬಾಕ್ಸ್ ತಂದರೆ ಕಾಪಿ ಚೀಟಿ ತಂದವರನ್ನು ನೋಡುವಂತೆ ನೋಡುತ್ತಾರೆ. ಪರೀಕ್ಷೆಯ ಹಿಂದಿನ ದಿನ ಏಳು ಗಂಟೆಗೆಲ್ಲ ಊಟ ಮುಗಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸ್ನಾನ ಮಾಡಿ, ವಿಭೂತಿ ಧರಿಸಿ, ಎಡಗೈ ತೋಳು ಮಡಚಿಕೊಂಡು ವರಾಂಡದಲ್ಲಿ ಕೂರುತ್ತಾರೆ. ಸೂಜಿ ಹೊರಗೆ ಬಂದ ಅರ್ಧ ಗಂಟೆಯಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಅದರ ಹಿಂದೆ ಒಂದು ಕೇಸರಿಬಾತು. ರಜೆ ಶುರುವಾಯಿತಲ್ಲ.

ರಕ್ತ ತೆಗೆಯಲು ಬರುವ ಲ್ಯಾಬ್ ಹುಡುಗಿ ಅವರ ಹಳೆಯ ವಿದ್ಯಾರ್ಥಿನಿ. ಹುಡುಗಿ ಎಂದು ನಾವು ಕರೆಯುತ್ತೇವೆ ಅಷ್ಟೇ, ಅವಳಿಗೇ ಈಗ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ಬೆಳಿಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬರುತ್ತಾಳೆ. ಒಂಬತ್ತನೇ ಕ್ಲಾಸಿನಲ್ಲಿ ಮಾತಾಡಿದ್ದಕ್ಕೆ ಮೇಷ್ಟ್ರು ತನ್ನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರೆಂದು ಸೂಜಿ ಚುಚ್ಚುವಾಗ ತಪ್ಪದೆ ನೆನಪಿಸುತ್ತಾಳೆ. ಎರಡು ವರ್ಷದ ಹಿಂದೆ ಅವಳು ಒಂದು ಕೆಲಸ ಮಾಡಿದಳು. ಡಾಕ್ಟರ ಚೀಟಿಯಲ್ಲಿದೆ ಎಂದು ಹೇಳಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಟೆಸ್ಟನ್ನೂ ಸೇರಿಸಿದಳು. ಒಂದು ವಾರದ ಹಾಗಲಕಾಯಿ ರಸ ಹನ್ನೆರಡು ವಾರದ ಮೈಸೂರುಪಾಕನ್ನು ಮುಚ್ಚಿಹಾಕಲಾರದು ಎಂಬುದು ರಿಪೋರ್ಟಿನಲ್ಲಿ ಅಚ್ಚಾಗಿ ಬಂತು. ಮಾಡಿದ್ದುಣ್ಣೋ ಮಹರಾಯ ಎಂದೆ ನಾನು. ಮೇಷ್ಟ್ರು ಅದಕ್ಕೆ ‘ಚಾಡಿ ಹೇಳೋ ಟೆಸ್ಟು’ ಎಂದು ಹೆಸರಿಟ್ಟರು. ಎದುರಿಗೆ ಉತ್ತರ ಬರೆಸುವುದು ಬಿಟ್ಟು ಹಿಂದಿನಿಂದ ವಿಚಾರಿಸುವುದು ಯಾವ ಸೀಮೆಯ ನ್ಯಾಯ ಎಂಬುದು ಅವರ ತಕರಾರು.

ಹೀಗೆ ಹದಿನೆಂಟು ವರ್ಷದಲ್ಲಿ ನಮ್ಮ ಮನೆ ರಕ್ತ ಪರೀಕ್ಷೆಯ ಒಂದು ಮಹಾವಿದ್ಯಾಲಯವೇ ಆಗಿತ್ತು. ರಕ್ತ ಎಂದರೆ ಬೆಳಿಗ್ಗೆ ತೆಗೆಯುವುದು, ಖಾಲಿ ಹೊಟ್ಟೆಯಲ್ಲಿ ತೆಗೆಯುವುದು, ತಯಾರಿ ಮಾಡಿಕೊಂಡು ಕೊಡುವುದು. ಇದು ನಮಗೆ ಮಗ್ಗಿಯಷ್ಟೇ ಖಚಿತ. ನನ್ನ ರಕ್ತದ ವಿಷಯವೇ? ಅದನ್ನು ಕೊನೆಯ ಸಲ ಯಾರಾದರೂ ಕೇಳಿದ್ದು ಎರಡನೇ ಹೆರಿಗೆಯಲ್ಲಿ. ಆಮೇಲೆ ಅದು ತನ್ನ ಪಾಡಿಗೆ ಹರಿದುಕೊಂಡಿತ್ತು.

ಗುಬ್ಬಿಯಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಅಡುಗೆಗೆ ಕ್ಯಾಟರಿಂಗ್‌ನವರು ಬಂದಿದ್ದರು. ಆದರೆ ಒಬ್ಬಟ್ಟಿನ ಮೇಲೆ ತುಪ್ಪವನ್ನು ಮನೆಯವರೇ ಬಡಿಸಬೇಕು. ಕ್ಯಾಟರಿಂಗ್‌ನವರು ಬಡಿಸಿದರೆ ತುಪ್ಪ ಬಡಿಸಿದ ಹಾಗೆ ಲೆಕ್ಕವಿಲ್ಲ. ಹಿರಿಯಕ್ಕ ಎಂಬ ಪದವಿ ಇರುವುದರಿಂದ ತುಪ್ಪದ ಗಿಂಡಿ ನನ್ನ ಕೈಗೆ ಬಂತು. ಎರಡನೇ ಪಂಕ್ತಿಯ ಅರ್ಧದಲ್ಲಿ ನನ್ನ ಎಡ ದವಡೆ ಹಿಡಿದುಕೊಂಡಿತು. ಹಲ್ಲುನೋವು ಎಂದುಕೊಂಡೆ. ಎರಡೂ ಹೆಗಲ ನಡುವೆ ಬೆನ್ನಿನಲ್ಲಿ ಭಾರವಾಯಿತು. ಬೆಳಿಗ್ಗೆ ಬಗ್ಗಿ ರಂಗೋಲಿ ಹಾಕಿದ್ದಕ್ಕೆ ಎಂದುಕೊಂಡೆ. ಮೈಯೆಲ್ಲ ತಣ್ಣನೆಯ ಬೆವರು ಬಂತು. ಶಾಮಿಯಾನದ ಸೆಕೆ. ಹೊಟ್ಟೆ ತೊಳಸಿತು. ತುಪ್ಪದ ವಾಸನೆ. ಮೂವತ್ತೊಂದು ವರ್ಷ ಪುಸ್ತಕಗಳನ್ನು ಸರಿಯಾದ ಕಪಾಟಿನಲ್ಲಿ ಇಟ್ಟವಳು ನಾನು. ನೋವುಗಳನ್ನು ಮಾತ್ರ ಒಂದೊಂದು ಕಪಾಟಿಗೆ ಹಂಚಿಬಿಟ್ಟೆ. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ.

ಗಿಂಡಿ ಕೆಳಗಿಟ್ಟು ಕೂರಬಹುದಿತ್ತು. ಆದರೆ ನಮ್ಮ ಕಡೆ ಬಡಿಸುವ ಹೆಂಗಸು ಸಾಯುವುದಕ್ಕೂ ಕೊನೆಯ ಪಂಕ್ತಿ ಏಳಬೇಕು. ಬಡಿಸಿದೆ. ಆಮೇಲೆ ಮೂಲೆಯ ಕುರ್ಚಿಯಲ್ಲಿ ಕುಸಿದೆ. ಮುಖ ನೋಡಿದ ತಂಗಿ ಗಾಬರಿಯಾದಳು.

“ಅಕ್ಕಾ, ಏನಾಯ್ತೇ? ಮುಖ ಬೆಳ್ಳಗಾಗಿದೆ. ಡಾಕ್ಟರ್ ಹತ್ರ ಹೋಗಣ ನಡಿ.”

ಎದ್ದೆ. ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಗೃಹಪ್ರವೇಶದ ಮನೆಯಿಂದ ಊಟ ಮಾಡದೆ ಹೋಗಬಾರದು, ಅದೂ ಹಿರಿಯಕ್ಕ ಹೋಗಬಾರದು, ಮನೆಗೆ ಶ್ರೇಯಸ್ಸಲ್ಲ. ಎಲೆಯ ಮುಂದೆ ಕೂರಿಸಿದರು. ಶಾಸ್ತ್ರಕ್ಕೆ ಎಂದು ಎರಡು ಒಬ್ಬಟ್ಟು ಹಾಕಿದರು. ಮನೆಗೆ ಶ್ರೇಯಸ್ಸಾಗಲೆಂದು ಒಂದೂವರೆ ತಿಂದೆ. ಆ ಒಂದೂವರೆ ಒಬ್ಬಟ್ಟು ಮುಂದೆ ನನ್ನ ಪ್ರಾಣಕ್ಕೆ ಅಡ್ಡ ನಿಲ್ಲುತ್ತದೆ ಎಂದು ಬಡಿಸಿದವರಿಗೂ ಗೊತ್ತಿರಲಿಲ್ಲ.

ಗುಬ್ಬಿಯ ಕ್ಲಿನಿಕ್ಕಿನಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಇಸಿಜಿ ತೆಗೆದರು, ಪಟ್ಟಿಯನ್ನು ಎರಡು ಸಲ ನೋಡಿದರು, ಒಂದು ಮಾತ್ರೆ ಕೊಟ್ಟು ಜಗಿಯಲು ಹೇಳಿದರು.

“ಇಸಿಜಿಲಿ ಅಂಥಾದ್ದೇನೂ ಕಾಣ್ತಿಲ್ಲ. ಆದ್ರೆ ಅಷ್ಟಕ್ಕೇ ಹಾರ್ಟ್ ಚೆನ್ನಾಗಿದೆ ಅಂತ ಹೇಳಕ್ಕಾಗಲ್ಲ. ಟ್ರೋಪೋನಿನ್ ಅಂತ ಬ್ಲಡ್ ಟೆಸ್ಟ್ ಆಗ್ಬೇಕು. ನಮ್ಮಲ್ಲಿಲ್ಲ. ತುಮಕೂರಿಗೆ ಈಗ್ಲೇ ಹೊರಡಿ,” ಎಂದು ಚೀಟಿ ಬರೆದುಕೊಟ್ಟರು.

ಐದು ವಾಕ್ಯದಲ್ಲಿ ನಮ್ಮವರಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಮೇಷ್ಟ್ರ ಜೊತೆಗೆ ಅವರ ಅಣ್ಣ, ಅಂದರೆ ನನ್ನ ಭಾವನವರು ಬಂದಿದ್ದರು. ಹುಲಿಯೂರುದುರ್ಗದಿಂದ ಸಮಾರಂಭಕ್ಕೆಂದು ತಮ್ಮ ಹಳೆಯ ಕಾರಿನಲ್ಲಿ ಬಂದವರು. ಆರು ವರ್ಷದ ಹಿಂದೆ ಅವರಿಗೆ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಇಡೀ ವಂಶದ ಹೃದಯ ವಿಭಾಗದ ಮುಖ್ಯಸ್ಥರು ಅವರೇ. ಯಾರಿಗೆ ಎದೆ ಹಿಡಿದರೂ ಮೊದಲು ಇವರ ಅಭಿಪ್ರಾಯ ತೆಗೆದುಕೊಂಡು ಆಮೇಲೆ ಡಾಕ್ಟರನ್ನು ಕೇಳುತ್ತಾರೆ. ಭಾವನವರು ನನ್ನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

“ನಂಗೆ ಆದಾಗ ಎದೆ ಮ್ಯಾಲೆ ಆನೆ ಕುಂತಂಗಾಗಿತ್ತು ಕಣಮ್ಮ. ನಿಂಗೆ ಆನೆ ಕುಂತೈತಾ?”

“ಇಲ್ಲ ಭಾವ. ದವಡೆ ಹಿಡ್ಕೊಂಡಿದೆ. ಬೆನ್ನು ಭಾರ.”

“ಆನೆ ಇಲ್ವಾ?”

“ಇಲ್ಲ.”

“ಹಂಗಾದ್ರೆ ಹಾರ್ಟಲ್ಲ ಬುಡು,” ಎಂದು ತೀರ್ಪು ಕೊಟ್ಟು ಎದ್ದರು. ಮೇಷ್ಟ್ರ ಮುಖ ಸಡಿಲವಾಯಿತು. ಗುಬ್ಬಿಯ ನಾಟಕದ ಮಾತು ಅವರ ತುಟಿಯ ತುದಿಯವರೆಗೆ ಬಂದದ್ದನ್ನು ನಾನು ಕಂಡೆ. ನನ್ನ ಮುಖ ನೋಡಿ ನುಂಗಿಕೊಂಡರು.

ತುಮಕೂರಿಗೆ ಹೊರಟೆವು. ಆದರೆ ಆಸ್ಪತ್ರೆಗಲ್ಲ, ಮನೆಗೆ. ಉದ್ವೇಗ ಮಾಡಿಕೊಳ್ಳಬಾರದು ಎಂದು ಭಾವನವರಿಗೆ ಅವರ ಡಾಕ್ಟರು ಹೇಳಿದ್ದರಂತೆ. ಆದ್ದರಿಂದ ಕಾರು ಮೂವತ್ತೈದರ ಮೇಲೆ ಹೋಗಲಿಲ್ಲ. ಅಡಿಕೆ ಮೂಟೆ ಹೇರಿದ್ದ ಆಟೋ ನಮ್ಮನ್ನು ಹಿಂದೆ ಹಾಕಿ ಹೋಯಿತು. ನಾನು ಹಿಂದಿನ ಸೀಟಿನಲ್ಲಿ ಒರಗಿದ್ದೆ. ಮುಂದೆ ಅಣ್ಣತಮ್ಮಂದಿರ ಸಮಾಲೋಚನೆ ನಡೆದಿತ್ತು.

“ಬ್ಲಡ್ ಟೆಸ್ಟ್ ಅಂದ್ರಲ್ಲ ಅಣ್ಣಯ್ಯ. ಇವ್ಳು ಊಟ ಮಾಡ್ಬಿಟ್ಟಿದಾಳೆ.”

“ಒಬ್ಬಟ್ಟು ಬೇರೆ ತಿಂದೈತೆ, ಪಾಪ. ಈಗ ಕೊಟ್ರೆ ರಿಪೋರ್ಟು ಕೆಟ್ಟೋಯ್ತದೆ ಕಣಪ್ಪ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಕೊಡ್ಸುಬುಡು.”

“ಅದೇ ಸರಿ. ಈಗ ತೆಗೆದ್ರೆ ಏನೇನೋ ತೋರ್ಸುತ್ತೆ, ಸುಮ್ನೆ ಗಾಬರಿ. ರಾತ್ರಿ ಬರೀ ಗಂಜಿ ಕೊಟ್ರಾಯ್ತು.”

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಅದು ಸರಿ ಎನಿಸಿತು. ದವಡೆ ಹಿಡಿದುಕೊಂಡೇ ಇತ್ತು, ಕೈಬೆರಳು ತಣ್ಣಗಾಗಿದ್ದವು, ಆದರೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ: ಛೆ, ಆ ಒಬ್ಬಟ್ಟು ತಿನ್ನಬಾರದಿತ್ತು, ರಿಪೋರ್ಟು ಹಾಳಾಗುತ್ತದೆ. ಹದಿನೆಂಟು ವರ್ಷ ಒಬ್ಬರ ಪರೀಕ್ಷೆಗೆ ತಯಾರಿ ಮಾಡಿಸಿದವಳು ತನ್ನ ಸರದಿ ಬಂದಾಗ ಸಿಲಬಸ್ ಬೇರೆ ಇರಬಹುದು ಎಂದು ಯೋಚಿಸಲಿಲ್ಲ.

ಮಲ್ಲಸಂದ್ರ ದಾಟಿದ ಮೇಲೆ ಮೇಷ್ಟ್ರು ಲ್ಯಾಬ್ ಹುಡುಗಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ನಾಳೆ ಬೆಳಿಗ್ಗೆ ಆರಕ್ಕೆ ಬಂದ್ಬಿಡಮ್ಮ. ನಮ್ಮನೆಯವ್ರಿಗೆ ಒಂದು ಟೆಸ್ಟಿದೆ. ಈಗ ಊಟ ಆಗ್ಬಿಟ್ಟಿದೆ.”

“ಆಯ್ತು ಸರ್. ಯಾವ ಟೆಸ್ಟು?”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಚೀಟಿ ಓದಿದರು. “ಟ್ರೋಪೋನಿನ್ ಅಂತಿದೆ.”



“ಸರ್, ಆಂಟಿಗೆ ಏನಾಗ್ತಿದೆ?”

“ಏನಿಲ್ಲಮ್ಮ, ದವಡೆ ನೋವು, ಬೆನ್ನು ನೋವು. ಸ್ವಲ್ಪ ಬೆವರು. ಇಸಿಜಿ ಚೆನ್ನಾಗಿದೆ.”

“ಸರ್, ಅದು ಶುಗರ್ ಟೆಸ್ಟಲ್ಲ. ಅದಕ್ಕೆ ಖಾಲಿ ಹೊಟ್ಟೆ ಬೇಡ. ಹಾರ್ಟಿಗೆ ಪೆಟ್ಟು ಬಿದ್ದಿದ್ಯಾ ಅಂತ ನೋಡೋ ಟೆಸ್ಟು. ನಾಳೆಗಲ್ಲ, ಈಗ. ನಾನು ಮನೆಗೆ ಬರಲ್ಲ. ನೀವು ಸೀದಾ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.”

“ಅಲ್ಲಮ್ಮ, ಒಬ್ಬಟ್ಟು ತಿಂದಿದಾಳೆ...”

“ಸರ್! ಮಾತಾಡ್ಬೇಡಿ. ಹೋಗಿ.”

ಕಾರಿನಲ್ಲಿ ಗಪ್‌ಚುಪ್. ಮೂವತ್ತೊಂದು ವರ್ಷ ನನ್ನ ತಲೆಯ ಮೇಲೆ ತೂಗಿದ ಬೋರ್ಡು ಯಾವತ್ತೂ ಮಾಡಲಾಗದ ಕೆಲಸವನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಮಾಡಿದಳು. ಬಾಗಿಲ ಹೊರಗೆ ನಿಂತು ನಿಂತು ಅವಳು ಕಲಿತದ್ದು ಇದನ್ನೇ ಇರಬೇಕು. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡು, “ಅಣ್ಣಯ್ಯ, ಸ್ವಲ್ಪ ಜೋರಾಗಿ ಓಡ್ಸು,” ಎಂದರು. ಭಾವನವರು ಉದ್ವೇಗ ಮಾಡಿಕೊಂಡು ನಲವತ್ತೈದಕ್ಕೆ ಏರಿಸಿದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಒಬ್ಬ ಹೆಣ್ಣುಮಗಳು. ಇನ್ನೊಂದು ಇಸಿಜಿ, ಕೈಗೆ ಸೂಜಿ, ಒಂದು ಚಮಚ ರಕ್ತ. ಒಬ್ಬಟ್ಟಿನ ವಿಷಯವನ್ನು ಮೇಷ್ಟ್ರು ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಂಡರು. ಡಾಕ್ಟರಮ್ಮ ಕೇಳಿಸಿಕೊಳ್ಳಲಿಲ್ಲ. ಒಂದು ಗಂಟೆಯ ಮೇಲೆ ರಿಪೋರ್ಟು ಬಂತು. ಸಂಖ್ಯೆ ಗೆರೆಯ ಒಳಗೇ ಇತ್ತು, ಗೆರೆಗೆ ಹತ್ತಿರದಲ್ಲಿ.

“ಪಾಸು!” ಎಂದರು ಮೇಷ್ಟ್ರು.

ಮೂವತ್ತಾರು ವರ್ಷದ ಸಂಸಾರದಲ್ಲಿ ಅವರು ನನ್ನ ಬಗ್ಗೆ ಅಷ್ಟು ಹೆಮ್ಮೆಪಟ್ಟದ್ದನ್ನು ನಾನು ನೋಡಿರಲಿಲ್ಲ. ಕಾರಿಡಾರಿಗೆ ಹೋಗಿ ಫೋನು ಶುರು ಮಾಡಿದರು. ತಂಗಿಗೆ, ಕುಣಿಗಲ್ಲಿನ ಷಡ್ಡಕರಿಗೆ, ಗೂಳೂರಿನ ಬೀಗರಿಗೆ, ಎಲ್ಲರಿಗೂ ಫಲಿತಾಂಶ ಪ್ರಕಟವಾಯಿತು. ಊಟ ಮಾಡಿಕೊಂಡು ಕೊಟ್ಟರೂ ನಾರ್ಮಲ್ ಬಂದಿದೆ ಎಂದು ಒತ್ತಿ ಹೇಳುತ್ತಿದ್ದರು. ಓದದೆ ಬರೆದು ಫಸ್ಟ್ ಕ್ಲಾಸ್ ತಂದವಳು ನಾನು. ಭಾವನವರು ಒಳಗೆ ಬಂದು, “ನಾನಾಗ್ಲೇ ಯೋಳ್ದೆ, ಆನೆ ಇಲ್ಲ ಅಂತ,” ಎಂದು ನನ್ನ ಹಣೆ ಮುಟ್ಟಿ ನೋಡಿದರು.

ಆಗ ಡಾಕ್ಟರಮ್ಮ ಬಂದು ಮೂರು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೆಯುತ್ತೇವೆ ಎಂದರು. ಮೇಷ್ಟ್ರಿಗೆ ಸಿಟ್ಟು ಬಂತು.

“ಒಂದ್ಸಲ ಪಾಸಾದವ್ರಿಗೆ ಮತ್ತೆ ಯಾಕೆ ಮೇಡಂ ಪರೀಕ್ಷೆ? ಸಪ್ಲಿಮೆಂಟರಿ ಇರೋದು ಫೇಲಾದವ್ರಿಗೆ.”

“ಸರ್, ಇದು ಪಾಸು ಫೇಲು ಅಲ್ಲ. ಹಾರ್ಟಿನ ಮಾಂಸಕ್ಕೆ ಪೆಟ್ಟು ಬಿದ್ರೆ ಅಲ್ಲಿಂದ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತೆ. ಸೋರಿ ನಮಗೆ ಕಾಣಿಸ್ಕೊಳ್ಳೋಕೆ ಹೊತ್ತು ಬೇಕು. ಒಂದ್ಸಲ ನೋಡಿದ್ರೆ ಏನೂ ಗೊತ್ತಾಗ್ದೇ ಇರ್ಬೋದು. ಎರಡು ಸಲ ನೋಡಿ, ಏರ್ತಾ ಇದ್ಯಾ ಅಂತ ನೋಡ್ಬೇಕು.”

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮೇಲ್ಮನೆಯವರ ಬಚ್ಚಲಿನ ಪೈಪು ಒಡೆದಾಗ ನಮ್ಮ ಹಾಲಿನ ಚಾವಣಿಯಲ್ಲಿ ಕಲೆ ಮೂಡಿದ್ದು ಎರಡು ದಿನ ಬಿಟ್ಟು. ಮೊದಲ ದಿನ ಚಾವಣಿ ನೋಡಿದವರು ಪೈಪು ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ಮೇಷ್ಟ್ರಿಗೆ ಅರ್ಥವಾಯಿತೋ ಇಲ್ಲವೋ, ಆದರೆ ಇದೂ ಆ ಚಾಡಿ ಹೇಳುವ ಟೆಸ್ಟಿನ ತಂಗಿಯೇ ಎಂಬುದು ಹೊಳೆದಿರಬೇಕು. ನಾವು ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂದರು. ಅದಕ್ಕೊಂದು ಫಾರಂ ಇತ್ತು. ಜೇಬಿನಿಂದ ಪೆನ್ನು ತೆಗೆದರು.

“ರೀ, ನಾನು ಬರಲ್ಲ,” ಎಂದೆ.

“ಏನಾಗಿದ್ಯೇ ನಿಂಗೆ? ನಾರ್ಮಲ್ ಇದೆ.”

“ಮೂರು ಗಂಟೆ ಮಲಗಿರ್ತೀನಿ. ಮನೆಗ್ ಹೋದ್ರೆ ನಿಮ್ಗೆ, ಭಾವಂಗೆ ಕಾಫಿ ಮಾಡ್ಬೇಕು.”

ಕುಹಕವಾಗಿ ಹೇಳಿದೆ, ಅದೇ ನನಗೆ ಬರುವ ಭಾಷೆ. ಆದರೆ ಆಗ ನನಗೆ ನಿಜವಾಗಿ ಭಯವಾಗಿತ್ತು. ಮಲಗಿದಲ್ಲಿಂದ ಎದ್ದರೆ ಮತ್ತೆ ಮಲಗಲು ಸಿಗುವುದಿಲ್ಲ ಎಂಬಂಥ ಭಯ. ಮೇಷ್ಟ್ರು ನನ್ನ ಮುಖವನ್ನು ಒಂದು ಕ್ಷಣ ನೋಡಿ ಪೆನ್ನಿನ ಕ್ಯಾಪು ಹಾಕಿದರು.

ಏಳೂವರೆಯ ಹೊತ್ತಿಗೆ ಎರಡನೇ ರಿಪೋರ್ಟು ಬಂತು. ಡಾಕ್ಟರಮ್ಮ ಅದನ್ನು ಮೇಷ್ಟ್ರ ಕೈಗೆ ಕೊಡಲಿಲ್ಲ, ತಾವೇ ಓದಿದರು. ಗೆರೆಯನ್ನು ದಾಟಿ ಎಷ್ಟೋ ಪಟ್ಟು ಮೇಲೆ ಹೋಗಿತ್ತು. ಅಟ್ಯಾಕ್ ಆಗಿದೆ, ಐಸಿಯುಗೆ ಹಾಕುತ್ತೇವೆ, ಬೆಳಿಗ್ಗೆ ಆಂಜಿಯೋಗ್ರಾಂ ಎಂದರು. ಮನೆಗೆ ಹೋಗಿದ್ದರೆ ಎಂದು ಶುರು ಮಾಡಿ ನಿಲ್ಲಿಸಿದರು. ಭಾವನವರು ನನ್ನನ್ನು ನೋಡಿ ಮೆಲ್ಲಗೆ ಕೇಳಿದರು.

“ಈಗ್ಲಾದ್ರೂ ಆನೆ ಬಂತೇನಮ್ಮ?”

“ಇಲ್ಲ ಭಾವ. ಆನೆ ಬರ್ದೇನೆ ಆಗಿದೆಯಂತೆ.”

ಅವರು ತಲೆ ತಗ್ಗಿಸಿ ಕಾರಿಡಾರಿಗೆ ನಡೆದರು. ಇಡೀ ವಿಭಾಗವೇ ಕುಸಿದಿತ್ತು, ಪಾಪ.

ಒಪ್ಪಿಗೆ ಪತ್ರ ತಂದರು. ಬೇರೆ ಯಾರಾದರೂ ಆಗಿದ್ದರೆ ಕೊನೆಯಲ್ಲಿ ಸಹಿ ಹಾಕಿ ಕೊಡುತ್ತಿದ್ದರು. ಮೇಷ್ಟ್ರು ಪ್ರಶ್ನೆಪತ್ರಿಕೆಯ ಹಾಗೆ ಮೊದಲ ಸಾಲಿನಿಂದ ಓದಿದರು. ‘ಅಗತ್ಯ ಬಿದ್ದಲ್ಲಿ ರಕ್ತ ನೀಡಬೇಕಾಗಬಹುದು’ ಎಂಬ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು.

“ಯಾರ ರಕ್ತ?” ಎಂದು ನರ್ಸನ್ನು ಕೇಳಿದರು.

“ಬೇಕಾದಾಗ ನೋಡೋಣ ಅಂಕಲ್,” ಎಂದು ಅವಳು ಫಾರಂ ತೆಗೆದುಕೊಂಡು ಹೋದಳು. ಇಂಥ ಮಾತಿಗೆ ಏನು ಅರ್ಥ ಮಾಡಿಕೊಳ್ಳಬಹುದೆಂದು ಅವಳಿಗೇನು ಗೊತ್ತು, ಅವಳು ನಮ್ಮ ಮಹಾವಿದ್ಯಾಲಯದಲ್ಲಿ ಓದಿದವಳಲ್ಲ.

ತಂಗಿ ಗುಬ್ಬಿಯಿಂದ ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ಕಳಿಸಿದಳು. ನನಗೆ ತಿನ್ನಲು ಬಿಡುವುದಿಲ್ಲ, ಮೇಷ್ಟ್ರಿಗೆ ಎಂದು. ಐಸಿಯು ಬಾಗಿಲ ಗಾಜಿನಿಂದ ಅವರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದು ಕಾಣುತ್ತಿತ್ತು. ತಿಂದುಕೊಂಡಿರುತ್ತಾರೆ ಬಿಡು ಎಂದುಕೊಂಡೆ. ಊಟದ ಹೊತ್ತು ಕಾಲು ಗಂಟೆ ತಡವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಸಕ್ಕರೆ ಕಾಯಿಲೆಯವರು ಹೊತ್ತಿಗೆ ಸರಿಯಾಗಿ ತಿನ್ನಬೇಕು ಎಂದು ಹದಿನೆಂಟು ವರ್ಷ ನನಗೆ ಪಾಠ ಮಾಡಿದವರು.

ಬೆಳಿಗ್ಗೆ ಹತ್ತರ ಹೊತ್ತಿಗೆ ನನ್ನನ್ನು ಕರೆದುಕೊಂಡು ಹೋದರು. ಒಂದು ರಕ್ತನಾಳ ಮುಕ್ಕಾಲುಪಾಲಿಗಿಂತ ಹೆಚ್ಚು ಮುಚ್ಚಿತ್ತಂತೆ. ಸ್ಟೆಂಟ್ ಹಾಕಿದರು. ನನಗೆ ನೆನಪಿರುವುದು ಆ ಕೋಣೆಯ ಚಳಿ ಮಾತ್ರ. ವಾಪಸು ಹಾಸಿಗೆಗೆ ತಂದಾಗ ಗಾಜಿನ ಆಚೆ ಕುರ್ಚಿ ಖಾಲಿ ಇತ್ತು. ಡಬ್ಬಿ ಮಾತ್ರ ಕುರ್ಚಿಯ ಮೇಲೆ ಕೂತಿತ್ತು. ನನ್ನ ಪ್ರಾಣ ಉಳಿದ ಹೊತ್ತಿಗೆ ಸರಿಯಾಗಿ ತಟ್ಟೆ ಇಡ್ಲಿಗೆ ಹೋಗಿದ್ದಾರೆ, ಪರೀಕ್ಷೆ ಮುಗಿಯಿತಲ್ಲ ಎಂದುಕೊಂಡೆ. ಈಗ ಆ ಯೋಚನೆಗೆ ನಾಚಿಕೆಯಾಗುತ್ತದೆ.

ನರ್ಸ್ ಬಂದು ಬಗ್ಗಿ ಹೇಳಿದಳು. “ಗಾಬರಿ ಆಗ್ಬೇಡಿ ಆಂಟಿ. ಅಂಕಲ್ ಕೆಳಗೆ ಕ್ಯಾಶುವಾಲ್ಟಿಲಿ ಇದಾರೆ. ಕಾರಿಡಾರಲ್ಲಿ ಬಿದ್ಬಿಟ್ರು. ಶುಗರ್ ತುಂಬಾ ಕೆಳಗೆ ಹೋಗಿತ್ತು. ಈಗ ಪರ್ವಾಗಿಲ್ಲ, ಗ್ಲೂಕೋಸ್ ಹಾಕಿದೀವಿ.”

“ಊಟ ಇತ್ತಲ್ಲಮ್ಮ, ಡಬ್ಬಿ?”

“ಮುಟ್ಟೇ ಇಲ್ಲ. ನಿನ್ನೆ ಗೃಹಪ್ರವೇಶದಲ್ಲಿ ಉಂಡಿದ್ದೇ ಕೊನೆ ಅಂತೆ. ರಾತ್ರಿ, ಬೆಳಿಗ್ಗೆ ಶುಗರ್ ಮಾತ್ರೆ ಮಾತ್ರ ನೀರಲ್ಲಿ ನುಂಗಿದಾರೆ. ಯಾಕ್ ಅಂಕಲ್ ತಿನ್ಲಿಲ್ಲ ಅಂದ್ರೆ, ‘ಅವ್ಳಿಗೆ ಯಾವಾಗ ರಕ್ತ ಕೇಳ್ತೀರೋ ಗೊತ್ತಿಲ್ವಲ್ಲಮ್ಮ, ತಿಂದ್ಬಿಟ್ರೆ ತಗೊಳ್ಳಲ್ಲ, ಅದಕ್ಕೇ ಖಾಲಿ ಹೊಟ್ಟೇಲಿದ್ದೆ’ ಅಂತಾರೆ.”

ಅವಳು ನಕ್ಕಳು. ನಾನೂ ನಗಲು ನೋಡಿದೆ. ಆಗಲಿಲ್ಲ, ಅಳು ಬಂತು. ಅಲುಗಾಡಬಾರದು ಎಂದಿದ್ದರು, ಆದ್ದರಿಂದ ಕಣ್ಣೀರು ಎರಡೂ ಕಡೆಯಿಂದ ಇಳಿದು ಕಿವಿಯೊಳಗೆ ಹೋಯಿತು.

ಸಂಜೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದು ನನ್ನ ಹಾಸಿಗೆಯ ಪಕ್ಕಕ್ಕೆ ಬಿಟ್ಟರು. ಬಿದ್ದಾಗ ಬಾಯಿಗೆ ಸಕ್ಕರೆ ಸುರಿದಿದ್ದರಂತೆ. ಮೀಸೆಯಲ್ಲಿ ಇನ್ನೂ ನಾಲ್ಕು ಹರಳು ಅಂಟಿಕೊಂಡಿದ್ದವು. ಹಣೆಯ ವಿಭೂತಿ ಅಳಿಸಿಹೋಗಿತ್ತು. ನನ್ನ ಕೈಯ ಮೇಲೆ ಕೈ ಇಟ್ಟರು.

“ನನ್ ಬ್ಲಡ್ ಬೇಕೇ ಆಗ್ಲಿಲ್ವಂತೆ,” ಎಂದರು. ನಿಜವಾದ ಬೇಸರದಿಂದ ಹೇಳಿದರು.

ಮೇಷ್ಟ್ರಿಗೆ ಅರವತ್ತೇಳು. ಅರವತ್ತೈದು ದಾಟಿದವರ ರಕ್ತವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಕೊಡಬಹುದಾದವರಿಗೂ ತಿಂಡಿ ತಿನ್ನಿಸಿಯೇ ತೆಗೆದುಕೊಳ್ಳುತ್ತಾರೆ. ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದಾಗಲೆಲ್ಲ ಆ ಪೋಸ್ಟರನ್ನು ಲೈಬ್ರರಿಯ ಬಾಗಿಲಿಗೆ ನನ್ನ ಕೈಯಾರೆ ಅಂಟಿಸಿದ್ದೇನೆ, ಪ್ರತಿ ಸಾಲೂ ಬಾಯಿಪಾಠ. ಒಂದು ಒಳ್ಳೆಯ ಕುಹಕದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ.

“ಬೇಕಾಗಿದ್ರೆ ನಿಮ್ದೇ ತಗೊಳ್ತಿದ್ರಂತೆ ಕಣ್ರೀ,” ಎಂದೆ. “ಖಾಲಿ ಹೊಟ್ಟೇಲಿದ್ರಲ್ಲ, ಸರಿಯಾಗಿ ತಯಾರಾಗಿ ಬಂದಿದಾರೆ ಅಂತ ಡಾಕ್ಟ್ರೇ ಹೇಳಿದ್ರು.”

“ಹೌದಾ?” ಎಂದರು ಮೇಷ್ಟ್ರು.

“ಹೌದು,” ಎಂದೆ. “ಈಗ ಆ ಡಬ್ಬಿ ಹಳಸಿರುತ್ತೆ, ಬೇರೆ ಏನಾದ್ರೂ ತರಿಸ್ಕೊಂಡು ತಿನ್ನಿ.”